ಇಬ್ಬರು ಹೋಗಿ ಒಬ್ಬ ಬಂದ ಕೆರೆ

ಇದು ನಡೆದದ್ದು. ನಗಬೇಕೆನ್ನುವವರು ಈಗಲೇ ನಕ್ಕು ಮುಗಿಸಲಿ, ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಾನು ದೆವ್ವ ಭೂತ ಎಂದು ಹೇಳಿಕೊಂಡು ತಿರುಗುವವನಲ್ಲ. ಬೆಳಗಾವಿಯ ಖಡೇಬಜಾರದ ಹಿಂದಿನ ಓಣಿಯಲ್ಲಿ ಫೋಟೋ ತೆಗೆಯುವವನು. ಮದುಮಕ್ಕಳನ್ನು ಕುರ್ಚಿಯ ಮೇಲೆ ಕೂಡಿಸಿ, "ಅಲಗ್ಯಾಡಬ್ಯಾಡ್ರಿ, ಉಸಿರ ಹಿಡೀರಿ" ಎಂದು ಗದರಿಸುವುದು ನನ್ನ ಉದ್ಯೋಗ. ಗಾಜಿನ ಪ್ಲೇಟಿನ ಮೇಲೆ ಮೂಡದೆ ಇದ್ದುದನ್ನು ಇದೆ ಎಂದು ವಾದಿಸುವ ಜಾತಿ ನನ್ನದಲ್ಲ.

ಆದರೆ ಆ ರಾತ್ರಿ ಖಾನಾಪುರದ ಆಚೆಯ ಕೆರೆಯಲ್ಲಿ ನಾನಿದ್ದೆ. ನನ್ನ ಅಣ್ಣ ಪಾಯಪ್ಪನೂ ಇದ್ದ. ಅವನನ್ನು ಕೇಳಿದರೆ ಎದ್ದು ದನಕ್ಕೆ ಮೇವು ಹಾಕಲು ಹೋಗುತ್ತಾನೆ. ಹಾಗಾಗಿ ಹೇಳುವ ಕೆಲಸ ನನಗೇ ಬಿದ್ದಿದೆ. ಕೆರೆ ಇರುವ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಆ ಊರಿನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಶುರುವಾದದ್ದು ಹೀಗೆ. ನಮ್ಮ ಊರಿನ ದಂಡಿನ ಕ್ಯಾಂಪಿನಲ್ಲಿ ಒಬ್ಬ ದಾಕ್ತರ ಸಾಹೇಬನಿದ್ದ. ಅವನಿಗೆ ನೀರಹಕ್ಕಿಗಳ ಹುಚ್ಚು. ಕೊಕ್ಕರೆ, ಬೆಳ್ಳಕ್ಕಿ, ಬಕ, ಉದ್ದ ಕಾಲಿನದೆಲ್ಲ ಅವನಿಗೆ ಬೇಕು. ಗೂಡು ಕಟ್ಟುವ ಕಾಲ ಬಂತೆಂದರೆ ಕ್ಯಾಮರಾ ಹೊತ್ತು ಕೆರೆ ಕೆರೆ ಅಲೆಯುತ್ತಿದ್ದ. ಅವನ ಪ್ಲೇಟುಗಳನ್ನು ತೊಳೆದು ಪ್ರಿಂಟು ಹಾಕಿಕೊಡುತ್ತಿದ್ದವನು ನಾನು. ಒಂದು ದಿನ ನನ್ನ ಅಂಗಡಿಯಲ್ಲಿ ಕೂತು, "ಇರುಳು ಬಕ ರಾತ್ರಿ ಮರಿಗೆ ತುತ್ತು ಕೊಡುವುದನ್ನು ತೆಗೆಯಬೇಕೆಂದು ಮೂರು ಮಳೆಗಾಲ ಒದ್ದಾಡಿದೆ, ಆಗಲಿಲ್ಲ" ಎಂದ. ನಾನು ತೆಗೆಯುತ್ತೇನೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಮದುಮಕ್ಕಳ ಫೋಟೋ ತೆಗಿ" ಎಂದು ನಕ್ಕ.

ಪಿತ್ತ ನೆತ್ತಿಗೇರಿತು. ತೆಗೆದೇ ತೋರಿಸುತ್ತೇನೆ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹಕ್ಕಿಯ ಫೋಟೋ ತೆಗೆಯುವವರದು ಒಂದು ಉಪಾಯವಿದೆ. ಅದನ್ನು ಸಾಹೇಬನೇ ಹೇಳಿಕೊಟ್ಟಿದ್ದ. ಗೂಡಿನ ಎದುರು ಗೋಣಿತಟ್ಟಿನ ಸಣ್ಣ ಡೇರೆ ಕಟ್ಟಬೇಕು. ಕೆಲವು ದಿನ ಹಾಗೇ ಬಿಟ್ಟರೆ ಹಕ್ಕಿಗಳಿಗೆ ಅದು ರೂಢಿಯಾಗುತ್ತದೆ. ಆಮೇಲೆ ಒಬ್ಬನೇ ಹೋಗಿ ಒಳಗೆ ಕೂತರೆ ಉಪಯೋಗವಿಲ್ಲ, ಒಳಗೆ ಮನುಷ್ಯ ಇದ್ದಾನೆಂದು ಹಕ್ಕಿ ಗೂಡಿಗೆ ಬರುವುದೇ ಇಲ್ಲ. ಅದಕ್ಕೆ ಇಬ್ಬರು ಹೋಗಬೇಕು. ಒಬ್ಬ ಒಳಗೆ ಉಳಿದು, ಇನ್ನೊಬ್ಬ ಎಲ್ಲ ಹಕ್ಕಿಗೂ ಕಾಣುವ ಹಾಗೆ ದೂರ ನಡೆದುಹೋಗಬೇಕು. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಮನುಷ್ಯ ಬಂದ, ಮನುಷ್ಯ ಹೋದ ಎಂದು ತಿಳಿದು ಗೂಡಿಗೆ ಇಳಿಯುತ್ತದೆ.

ಆ ಇನ್ನೊಬ್ಬನಾಗಲು ಅಣ್ಣನನ್ನು ಕರೆದೆ. ಅಣ್ಣ ಸಾಂಬ್ರಾದಲ್ಲಿ ಹೊಲ ನೋಡಿಕೊಂಡು ಅವ್ವನ ಜೊತೆ ಇರುವವನು. ಆಳು ಎತ್ತರ, ಅಗಲ, ಎತ್ತಿಗೂ ಜೋರು ಮಾಡಿ ಬೈಯದ ಮನುಷ್ಯ. ನಮ್ಮ ಮನೆಯ ಸಿಟ್ಟೆಲ್ಲ ನನ್ನ ಪಾಲಿಗೆ ಬಂದು ಸಮಾಧಾನವೆಲ್ಲ ಅವನ ಪಾಲಿಗೆ ಹೋಗಿದೆ ಎಂದು ಅವ್ವ ಅನ್ನುತ್ತಿದ್ದಳು.

ಅವ್ವನಿಗೆ ಈ ಕೆಲಸ ಬೇಡವಾಗಿತ್ತು. ನಾವು ಜೈನರು. ಅದೂ ಚಾತುರ್ಮಾಸ, ಹುಳಕ್ಕೂ ನೋವಾಗದಂತೆ ನಡೆಯಬೇಕಾದ ಕಾಲ.

"ಮರಿ ಇದ್ದ ಗೂಡಿನ ಮುಂದ ಬೆಂಕಿ ಹಚ್ಚಾಕ ಹೊಂಟಿಯಲ್ಲೋ" ಎಂದಳು. "ಅವೂ ಬಾಳೇವು ಮಾಡಾಕತ್ತಾವು, ಅವುಕ್ಕ ಯಾಕ ತ್ರಾಸ ಕೊಡ್ತಿ?"

"ಬೆಂಕಿ ಅಲ್ಲಬೇ, ಬೆಳಕು. ಒಂದ ಸಲ ಭಗ್ ಅಂತೈತಿ, ಆತು."

ಅವ್ವ ಅಣ್ಣನ ಕಡೆ ತಿರುಗಿ, "ಇಂವನ್ನ ಕರಕೊಂಡು ಬಾ" ಎಂದಳು. ಕರೆದುಕೊಂಡು ಹೋಗು ಎನ್ನಲಿಲ್ಲ, ಕರೆದುಕೊಂಡು ಬಾ ಎಂದಳು. ಅದು ಆಗ ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ಸಲ ಹೋದಾಗ ಏನೂ ಆಗಲಿಲ್ಲ. ಖಾನಾಪುರದ ಸ್ಟೇಷನ್ನಿನಲ್ಲಿ ಇಳಿದು, ಚಕ್ಕಡಿಯಲ್ಲಿ ಹೋಗಿ, ಹಗಲಲ್ಲೇ ಡೇರೆ ಕಟ್ಟಿ ಬಂದೆವು. ಕೆರೆಯ ಏರಿಯಿಂದ ನೆಲ ಸಣ್ಣ ದಾರಿಯಂತೆ ನೀರೊಳಗೆ ಚಾಚಿಕೊಂಡಿತ್ತು, ಅದರ ಮೇಲೂ ಪಾದ ಮುಳುಗುವಷ್ಟು ನೀರು. ಅದರ ತುದಿಗೆ ದೊಡ್ಡ ಕೇದಗೆ ಮೆಳೆ. ಮುಳ್ಳಿನ ಆ ಮೆಳೆಯೊಳಗೆ ಎದೆ ಎತ್ತರಕ್ಕೆ ಇರುಳು ಬಕಗಳ ಗೂಡು. ಒಂದೆರಡಲ್ಲ, ಮೆಳೆಯೇ ಒಂದು ಓಣಿ. ಕೊಳೆತ ಮೀನಿನ ನಾತ, ಅದರ ಮೇಲೆ ಕೇದಗೆ ಹೂವಿನ ಘಮಲು. ಎರಡೂ ಕೂಡಿ ತಲೆ ತಿರುಗುವಂತಿತ್ತು. ಮರಿಗಳು ಕತ್ತು ಚಾಚಿ ನಮ್ಮ ಮೇಲೆ ಅರೆಜೀರ್ಣವಾದ ಮೀನು ಕಾರಿದವು. ದೊಡ್ಡ ಹಕ್ಕಿಗಳು ನಾವು ಏರಿ ಇಳಿಯುವ ಮೊದಲೇ ಎದ್ದು, "ವಾಕ್, ವಾಕ್" ಎಂದು ಆಕಾಶದಲ್ಲಿ ಸುತ್ತುತ್ತಿದ್ದವು. ಅಷ್ಟು ಅಂಜುಬುರುಕ ಜಾತಿ. ಕೆಮ್ಮಿದರೆ ಹಾರುತ್ತವೆ, ಕೊಡೆ ಬಿಚ್ಚಿದರೆ ಹಾರುತ್ತವೆ. ಇದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಸಲ ಹೋದದ್ದು ಶ್ರಾವಣದಲ್ಲಿ, ಮಳೆ ನಿಂತು ಹೊರಪು ಕೊಟ್ಟಾಗ. ಹೊತ್ತು ಮುಳುಗುವ ಮೊದಲೇ ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದು ಮುಗಿಸಿದೆವು, ರಾತ್ರಿ ಊಟ ನಮಗಿಲ್ಲ. ಸಾಮಾನು ಹೊತ್ತು ಏರಿಯ ಹತ್ತಿರ ಬಂದಾಗ ಅಲ್ಲಿ ಯಲ್ಲಪ್ಪ ಎಂಬ ಮುದುಕ ಅಡ್ಡ ನಿಂತಿದ್ದ. ಏರಿಯ ಕೊನೆಗೆ ಅವನ ಮನೆ, ಬಾಜುಕ್ಕೆ ಎಮ್ಮೆಗಳ ಕೊಟ್ಟಿಗೆ. ಮೊದಲ ಸಲ ನಾವು ಬಂದಾಗ ಸುಮ್ಮನೆ ನೋಡುತ್ತ ಕೂತಿದ್ದವನು ಈಗ ಕೋಲು ಊರಿ ನಿಂತಿದ್ದ. ಕಾಲ ಬಳಿ ಒಂದು ಕೆಂಚ ನಾಯಿ ಗುರುಗುಟ್ಟುತ್ತಿತ್ತು.

"ಒಳಗ ಎಷ್ಟ ಮಂದಿ ಹೊಂಟೀರಿ?" ಎಂದ.

"ಕಣ್ಣಿಗೆ ಕಾಣಾಂಗಿಲ್ಲೇನ? ಇಬ್ಬರು" ಎಂದೆ ನಾನು.

"ಇಬ್ಬರೂ ಕೂಡೇ ಹೊರಗ ಬರ್ತೀರಿಲ್ಲೋ?"

ಅಣ್ಣ ಸಮಾಧಾನದಿಂದ ಹೇಳಿದ, "ಇಲ್ಲರೀ ಯಜಮಾನ್ರ. ನಾ ಈಗ ಹೊಳ್ಳಿ ಬರ್ತೀನಿ. ಇಂವ ನನ್ನ ತಮ್ಮ, ಬೆಳಗಾಗೂತನಕ ಅಲ್ಲೇ ಡೇರೇದಾಗ ಕುಂದರ್ತಾನ. ನಸಿಕಿನ್ಯಾಗ ಬಂದು ಕರಕೊಂಡು ಹೋಗ್ತೀನಿ."

ಮುದುಕನ ಮುಖ ಗಂಟಾಯಿತು.

"ನಕೋ ಬಾಬಾ. ಹಂಗ ಮಾಡಬ್ಯಾಡ್ರಿ. ಈ ಕೆರಿಯಾಗ ಜೋಡಿ ಹೋದಾವ್ರು ಜೋಡೀಲೇ ಬರಬೇಕು. ಎಮ್ಮಿ ಮೈ ತೊಳ್ಯಾಕ ಹೋದ್ರೂ ಹಂಗ, ಮೀನಕ್ಕ ಹೋದ್ರೂ ಹಂಗ. ಒಬ್ಬಾಂವನ್ನ ಬಿಟ್ಟು ಒಬ್ಬಾಂವ ಬಂದ್ರ, ಉಳದಾಂವನ್ನ ತನಗ ಕೊಟ್ಟು ಹೋದ್ರು ಅಂತ ಕೆರಿ ತಿಳಕೋತೈತಿ."

ನನಗೆ ನಗು ತಡೆಯಲಿಲ್ಲ. "ಹಕ್ಕಿಗೆ ಲೆಕ್ಕ ಬರಂಗಿಲ್ಲ, ನಿಮ್ಮ ಕೆರಿಗೆ ಬರತೈತೇನು?"

"ಹಕ್ಕೀದು ನನಗ ಗೊತ್ತಿಲ್ಲ" ಎಂದ ಯಲ್ಲಪ್ಪ. ರೀ ಎನ್ನುವುದು ಅವನ ಮಾತಿನಿಂದ ಬಿದ್ದುಹೋಯಿತು. "ಹೋಗು. ಆದ್ರ ರಾತ್ರಿ ನನ್ನ ಬಾಗಲಾ ಬಡೀಬ್ಯಾಡ. ನಿಮ್ಮಣ್ಣಗೂ ನನ್ನ ಕಟ್ಟೀ ಮ್ಯಾಲ ಜಾಗಾ ಇಲ್ಲ."

ಅಣ್ಣ ನನ್ನ ತೋಳು ಹಿಡಿದು, "ಬ್ಯಾರೇ ದಿನಾ ನೋಡೂಣು, ತಮ್ಮಾ" ಎಂದ. ನಾನು ಕೇಳಲಿಲ್ಲ. ಮಳೆ ಮತ್ತೆ ಹಿಡಿದರೆ ಮುಗಿಯಿತು, ಮರಿಗಳು ಅಷ್ಟರಲ್ಲಿ ದೊಡ್ಡವಾಗುತ್ತವೆ. ಸಾಹೇಬನ ನಗು ಬೇರೆ ಕಿವಿಯಲ್ಲಿ ಕೂತಿತ್ತು. ನಡಿ ಎಂದು ಮುಂದೆ ನಡೆದೆ.

ಹಕ್ಕಿಗಳೆಲ್ಲ ಎಂದಿನಂತೆ ಎದ್ದು ಕೂಗಿದವು. ಡೇರೆಯೊಳಗೆ ಕ್ಯಾಮರಾ ನಿಲ್ಲಿಸಿ, ಇನ್ನೂ ಬೆಳಕಿದ್ದಾಗಲೇ ಕರಿಬಟ್ಟೆಯೊಳಗೆ ತಲೆ ಹಾಕಿ ಗೂಡಿಗೆ ನೆಟ್ಟಗೆ ನೋಟ ಕೂಡಿಸಿದೆ. ಹೊರಗೆ ಎರಡು ಬಿದಿರುಗಳಿಗೆ ಎರಡು ತಗಡಿನ ತಟ್ಟೆ ಕಟ್ಟಿ ಬೆಳಕಿನ ಪುಡಿ ತುಂಬಿದೆ. ಒಳಗಿನಿಂದ ದಾರ ಎಳೆದರೆ ಕಿಡಿ ಹಾರಿ ಪುಡಿ ಉರಿಯಬೇಕು. ಎರಡು ತಟ್ಟೆ, ಎರಡು ಪ್ಲೇಟು, ಅಷ್ಟೇ ನನ್ನ ಬಂಡವಾಳ.

ಅಣ್ಣ ಗೋಣಿತಟ್ಟಿನ ಬಾಗಿಲನ್ನು ಎಳೆದು ಮುಚ್ಚಿದ. ಒಳಗಿನಿಂದ ನಾನು ದಬ್ಬಣ ಚುಚ್ಚಿ ಬಿಗಿ ಮಾಡಿದೆ.

"ನಾ ಬರೂತನಕ ಹೊರಗ ಬರಬ್ಯಾಡ" ಎಂದ. "ಏರಿ ಮ್ಯಾಲ ಆಲದ ಗಿಡದ ಬುಡಕ್ಕ ಇರ್ತೀನಿ."

ಅವನ ಹೆಜ್ಜೆ ನೀರಿನಲ್ಲಿ ಚಳಕ್ ಚಳಕ್ ಎನ್ನುತ್ತ ದೂರವಾಯಿತು. ಸಂದಿಯಿಂದ ನೋಡಿದೆ. ಏರಿಯ ಮೇಲೆ ಎಲ್ಲರಿಗೂ ಕಾಣುವಂತೆ, ಹೇಳಿಕೊಟ್ಟ ಹಾಗೇ, ಅಣ್ಣ ಒಬ್ಬನೇ ನಡೆದುಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಹಕ್ಕಿಗಳು ಒಂದೊಂದಾಗಿ ಇಳಿದವು. ಉಪಾಯ ಫಲಿಸಿತೆಂದು ನನಗೆ ಹೆಮ್ಮೆಯಾಯಿತು.

ಕತ್ತಲಾಯಿತು. ಚಂದ್ರನಿಲ್ಲ, ಮೋಡ. ಕಪ್ಪೆಗಳ ಗದ್ದಲ. ಸೊಳ್ಳೆ ಮುಖಕ್ಕೆ ಮುತ್ತುತ್ತಿದ್ದರೂ ಕೈ ಎತ್ತುವಂತಿಲ್ಲ. ಕಾಲಿಗೆ ಜಿಗಣೆ ಹತ್ತಿದ್ದು ಗೊತ್ತಾದರೂ ಕೀಳುವಂತಿಲ್ಲ. ಬಕಗಳು ಹೊಲಗದ್ದೆಗಳ ಕಡೆ ಹೋಗಿ ಬಂದು ಮಾಡುತ್ತಿದ್ದವು. ತಾಯಿ ಬಂದಾಗಲೆಲ್ಲ ಮರಿಗಳು "ಕೆಕ್ ಕೆಕ್ ಕೆಕ್" ಎಂದು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಆ ಸದ್ದನ್ನೇ ಗುರುತಿಟ್ಟುಕೊಂಡು, ಕ್ಯಾಮರಾದ ಕಣ್ಣಿನ ಮುಚ್ಚಳ ತೆಗೆದು, ಮೊದಲ ದಾರ ಎಳೆದೆ.

ಭಗ್ ಎಂದು ಬೆಳಕು. ಕೆರೆ, ಮೆಳೆ, ಮುಳ್ಳು, ಎಲ್ಲ ಹಾಲಿನಂತೆ ಬೆಳಗಾಗಿ ಹೋಯಿತು. ಹಕ್ಕಿಗಳೆಲ್ಲ ಚೀರುತ್ತ ಎದ್ದವು. ಗಂಧಕ ಸುಟ್ಟಂಥ ಹೊಗೆ. ಪ್ಲೇಟು ಮುಚ್ಚಿ, ಎರಡನೆಯದನ್ನು ಏರಿಸಿ ಕೂತೆ. ತುಂಬ ಹೊತ್ತಿನ ಮೇಲೆ ಅವು ಒಂದೊಂದಾಗಿ ಇಳಿದವು. ಮರಿಗಳ ಕೆಕ್ ಕೆಕ್ ಮತ್ತೆ ಶುರುವಾಯಿತು.

ಆಗ...

"ತಮ್ಮಾ."

ಅಣ್ಣನ ದನಿ. ಡೇರೆಯ ಹಿಂದೆಯೇ, ನನ್ನ ಬೆನ್ನಿಗೆ ಹತ್ತಿ.

"ತಮ್ಮಾ, ಸಾಕ, ಏಳು. ಹೋಗೂಣು."

ನನಗೆ ಸಿಟ್ಟೇ ಬಂತು. ಇನ್ನೊಂದು ಪ್ಲೇಟು ಬಾಕಿ ಇದೆ, ಇಷ್ಟು ಬೇಗ ಯಾಕೆ ಬಂದ ಎಂದುಕೊಂಡೆ. ಕತ್ತಲಲ್ಲಿ ತಡವರಿಸಿ ದಬ್ಬಣದ ಮೇಲೆ ಕೈ ಇಟ್ಟೆ. ಎಳೆಯಬೇಕು...

ಕೈ ಅಲ್ಲೇ ನಿಂತಿತು.

ಮರಿಗಳು ಕೆಕ್ ಕೆಕ್ ಎನ್ನುತ್ತಲೇ ಇದ್ದವು. ತಾಯಿ ಹಕ್ಕಿ ಗೂಡಿನ ಮೇಲೇ ಇತ್ತು, ಕೊಕ್ಕು ಕೊಕ್ಕು ತಾಗುವ ಟಕ ಟಕ ಸದ್ದು ನನಗೆ ಕೇಳುತ್ತಿತ್ತು. ಮೆಳೆಯಲ್ಲಿ ಒಂದು ರೆಕ್ಕೆಯೂ ಬಡಿದಿರಲಿಲ್ಲ. ಮನುಷ್ಯ ಏರಿ ಇಳಿಯುವ ಮೊದಲೇ ಎದ್ದು ಊರು ಒಂದು ಮಾಡುವ ಹಕ್ಕಿಗಳು. ಅಣ್ಣನಂಥ ಆಳು ನೀರು ತುಳಿದು ಇಲ್ಲಿಯ ತನಕ ಬಂದು, ದನಿ ತೆಗೆದು ಮಾತಾಡಿದರೂ ಅವಕ್ಕೆ ಗೊತ್ತಾಗಿಲ್ಲ ಎಂದರೆ...

ನೀರು ತುಳಿದ ಸದ್ದೂ ನನಗೆ ಕೇಳಿರಲಿಲ್ಲ.

ಕೈ ಹಿಂದೆ ತೆಗೆದೆ.

"ಏಳಲೇ" ಎಂದಿತು ಹೊರಗಿನ ದನಿ. ದನಿ ಅಣ್ಣನದೇ. ಆದರೆ ಅಣ್ಣ ನನಗೆ ಒಮ್ಮೆಯೂ ಲೇ ಎಂದವನಲ್ಲ. "ಎಷ್ಟೊತ್ತ ಕುಂದರಾಂವ ನೀ? ನಿನ್ನ ಬಿಟ್ಟು ಹೋದ್ರಲ್ಲ. ನೋಡೀದಿಲ್ಲ, ಒಬ್ಬಾಂವ ಹೋದ. ನಿನ್ನ ಇಲ್ಲೇ ಬಿಟ್ಟ."

ಗೋಣಿತಟ್ಟು ನನ್ನ ಬೆನ್ನಿನ ಹತ್ತಿರ ನಿಧಾನವಾಗಿ ಒಳಗೆ ಒತ್ತಿಕೊಂಡಿತು, ಹೊರಗಿನಿಂದ ಯಾರೋ ಅಂಗೈ ಊರಿದ ಹಾಗೆ. ಮೀನಿನ ನಾತವೆಲ್ಲ ಎಲ್ಲಿಗೋ ಹೋಗಿ ಬರೀ ಕೇದಗೆಯ ವಾಸನೆ. ಮೂಗಿಗೆ ಹತ್ತಿ ತುರುಕಿದಷ್ಟು ದಟ್ಟ. ನಾನು ಬಾಯಿಗೆ ಕರಿಬಟ್ಟೆ ಒತ್ತಿಕೊಂಡು ಕೂತೆ. ಬಾಯಲ್ಲಿ ಣಮೋಕಾರ ಮಂತ್ರ, ಅದೂ ನಡುವೆ ನಡುವೆ ತಪ್ಪುತ್ತಿತ್ತು. ತಪ್ಪಿದಲ್ಲೆಲ್ಲ ಮತ್ತೆ ಮೊದಲಿನಿಂದ.

ಆಮೇಲೆ ಸುಮ್ಮನಾಯಿತು. ತಟ್ಟು ಹಿಂದೆ ಸರಿಯಿತು. ಕಪ್ಪೆಗಳು, ಮರಿಗಳು, ಮತ್ತೆ ಮೀನಿನ ನಾತ. ಆ ದುರ್ನಾತ ಅಷ್ಟು ಹಿತವೆನಿಸಿದ್ದು ಅವತ್ತೇ. ಅಣ್ಣ ಬೆಳಗಿಗೆ ಬರುತ್ತಾನೆ, ಅವನು ಬಂದರೆ ಹಕ್ಕಿ ಹಾರುತ್ತವೆ, ಹಕ್ಕಿ ಹಾರುವ ತನಕ ಏಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಅದೊಂದೇ ನನಗೆ ಆಧಾರ.

ಎಷ್ಟು ಹೊತ್ತಾಯಿತೋ, ನಸುಕಂತೂ ಆಗಿರಲಿಲ್ಲ. ಒಮ್ಮೆಲೇ ಮೆಳೆಯೆಲ್ಲ ಭರ್ ಎಂದು ಎದ್ದಿತು. ಎಲ್ಲ ಹಕ್ಕಿಗಳೂ ತಲೆಯ ಮೇಲೆ "ವಾಕ್ ವಾಕ್" ಎಂದು ಚೀರತೊಡಗಿದವು.

ಮನುಷ್ಯ ಬಂದಿದ್ದಾನೆ. ಖರೇ ಮನುಷ್ಯ.

ಜೀವ ಬಂತು. ಕಿವಿಗೊಟ್ಟೆ. ನೀರಿನಲ್ಲಿ ಹೆಜ್ಜೆ ಕೇಳುತ್ತಿತ್ತು. ಆದರೆ ದಾರಿಯ ಕಡೆಯಿಂದಲ್ಲ, ಎಡಕ್ಕೆ. ಅಲ್ಲಿ ಆಳ ನೀರು. ಮೊದಲು ಚಳಕ್ ಚಳಕ್ ಎನ್ನುತ್ತಿದ್ದ ಸದ್ದು ಬರಬರುತ್ತ ಭಾರವಾಗಿ, ಸೊಂಟ ಮಟ್ಟ ಇಳಿದವನು ನೀರು ಸೀಳಿ ನಡೆಯುವ ಹಾಗೆ ಕೇಳತೊಡಗಿತು.

"ಅಣ್ಣಾ" ಎಂದೆ. ಉತ್ತರವಿಲ್ಲ. ಜೋರಾಗಿ ಕರೆದೆ, "ಅಣ್ಣಾ." ಹೆಜ್ಜೆ ನಿಲ್ಲಲಿಲ್ಲ.

ಎರಡನೆಯ ದಾರ ಎಳೆದೆ. ಫೋಟೋಕ್ಕಲ್ಲ, ನೋಡಲಿಕ್ಕೆ.

ಆ ಬೆಳಕಿನಲ್ಲಿ ಅಣ್ಣ ಕಂಡ. ಎದೆ ಮಟ್ಟದ ನೀರಿನಲ್ಲಿದ್ದ. ನನ್ನ ಕಡೆ ಬೆನ್ನು. ಬಲಗೈ ಮುಂದೆ ಚಾಚಿತ್ತು, ಸಣ್ಣವನಿದ್ದಾಗ ನನ್ನನ್ನು ಹಳ್ಳ ದಾಟಿಸಲು ಚಾಚುತ್ತಿದ್ದ ಹಾಗೇ. ಅವನ ಮುಂದೆ ಬರೀ ನೀರು.

ಬೆಳಕು ಆರಿತು.

ಆಮೇಲೆ ನಾನು ಏನೂ ಯೋಚಿಸಲಿಲ್ಲ. ತಟ್ಟು ಹರಿದುಕೊಂಡು ಹೊರಗೆ ಬಿದ್ದೆ. ನೀರಿಗೆ ಇಳಿದು, "ಅಣ್ಣಾ, ಅಣ್ಣಾ" ಎಂದು ಕೂಗುತ್ತ ನುಗ್ಗಿದೆ. ಅವನು ತಿರುಗಲೇ ಇಲ್ಲ. ಕೊನೆಗೆ, ಹುಟ್ಟಿದಾಗಿನಿಂದ ಅಣ್ಣನನ್ನು ಹೆಸರು ಹಿಡಿದು ಕರೆಯದ ನಾನು, "ಏ ಪಾಯಪ್ಪಾ" ಎಂದು ಗಂಟಲು ಹರಿಯುವಂತೆ ಒದರಿದೆ. ಆಗ ಹೆಜ್ಜೆ ನಿಂತಿತು. ಹೋಗಿ ಅವನ ಅಂಗಿಯ ಕೊರಳು ಹಿಡಿದೆ.

"ಇಲ್ಲಿ ಯಾಕ ಇಳದಿ?" ಎಂದೆ.

"ನೀನs ಕರದಿ" ಎಂದ. ದನಿ ನಿದ್ದೆಗಣ್ಣಿನವನ ಹಾಗಿತ್ತು. "ಗಿಡದ ಬುಡಕ್ಕ ಕುಂತಿದ್ನಿ. ಅಣ್ಣಾ, ಅಣ್ಣಾ, ಕಾಲ ಸಿಕ್ಕೈತಿ ಅಂತ ಒಂದs ಸವನ ಕರದಿ. ಬರಾಕತ್ತೀನಿ ಅಂದೆ. ಹತ್ತಿರಕ್ಕ ಬಂದ್ರ, ಇನ್ನೂ ಮುಂದ ಬಾ ಅಂದಿ..." ಅವನು ಕತ್ತಲಿನೊಳಗೆ, ಆಳದ ಕಡೆ ಕೈ ತೋರಿಸಿದ. "ಅಲ್ಲಿದ್ದಿ ನೀ."

ಅವನ ತುದಿಗಾಲ ಮುಂದೆ ನೆಲವಿರಲಿಲ್ಲ. ನಾನು ಕಾಲು ಚಾಚಿ ನೋಡಿದೆ, ತಣ್ಣಗೆ ಒಳಗೇ ಹೋಯಿತು.

ಅಣ್ಣನನ್ನು ಎಳೆದುಕೊಂಡು ದಾರಿಯ ತನಕ ತಂದೆ. ಕೊರಳಿಗೆ ಸುತ್ತಿಕೊಂಡಿದ್ದ ಕರಿಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಡಬೇಕೆಂದವನು, ಕ್ಯಾಮರಾ ನೆನಪಾಗಿ ನಿಂತೆ. ಒಂದು ಪ್ಲೇಟಿನ ಮೇಲೆ ನನ್ನ ಹಕ್ಕಿ ಇತ್ತು. ಇಷ್ಟೆಲ್ಲ ಕಾಡಿದ ಕೆರೆಗೆ ಅದನ್ನೂ ಬಿಟ್ಟುಕೊಡುವಷ್ಟು ಒಳ್ಳೆಯವನಲ್ಲ ನಾನು.

"ಇಲ್ಲೇ ನಿಂದರು. ಯಾರ ಕರದ್ರೂ ಅಲಗ್ಯಾಡಬ್ಯಾಡ. ನಾ ಕರದ್ರ ಹೆಸರ ಹಿಡದ ಕರೀತೀನಿ" ಎಂದು ಹೇಳಿ ಹಿಂದಿರುಗಿದೆ.

ಮೆಳೆಯ ಬಾಜುಕ್ಕೇ ಡೇರೆ. ಕತ್ತಲಲ್ಲಿ ತಡವುತ್ತ ಹೋಗುವಾಗ ತಲೆಯ ಮೇಲೆ ಚೀರುತ್ತಿದ್ದ ಹಕ್ಕಿಗಳು ಸುಮ್ಮನಾದವು. ಆಮೇಲೆ ಒಂದೊಂದಾಗಿ ಇಳಿಯತೊಡಗಿದವು. ನಾನು ಅಲ್ಲೇ ನಿಂತಿದ್ದೇನೆ, ಒದ್ದೆ ಬಟ್ಟೆಯಿಂದ ನೀರು ಸೋರುತ್ತಿದೆ, ಉಸಿರು ತಿದಿಯ ಹಾಗೆ ಬಡಿಯುತ್ತಿದೆ... ಒಂದು ಬಕ ನನ್ನ ತೋಳಿಗೆ ರೆಕ್ಕೆ ಸವರಿ ಗೂಡಿಗೆ ಇಳಿಯಿತು. ಮರಿಗಳು ಕೆಕ್ ಕೆಕ್ ಎಂದವು. ನಾನು ಕ್ಯಾಮರಾ ಕಳಚಿದೆ, ಅದರ ಕಾಲುಗಳನ್ನು ಮಡಚಿದೆ, ಪೆಟ್ಟಿಗೆಯ ಮುಚ್ಚಳ ಟಪ್ ಎಂದು ಮುಚ್ಚಿದೆ. ಒಂದೂ ಹಾರಲಿಲ್ಲ.

ಬೆಳಕಿನ ಪುಡಿಗೆ ಹಕ್ಕಿಗಳ ಕಣ್ಣು ಕುರುಡಾಗಿರಬೇಕು ಎಂದುಕೊಂಡೆ.

ನಾನು ತಡ ಮಾಡಿದೆನೆಂದು ಅಣ್ಣ ಎರಡು ಹೆಜ್ಜೆ ಈಚೆ ಬಂದ. ಅಷ್ಟಕ್ಕೇ ಮೆಳೆಯೆಲ್ಲ ಮತ್ತೆ ಭರ್ ಎಂದು ಎದ್ದಿತು.

ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಕರಿಬಟ್ಟೆಯ ಎರಡು ತುದಿ ಇಬ್ಬರೂ ಹಿಡಿದುಕೊಂಡು ಏರಿ ಹತ್ತಿದೆವು.

ಯಲ್ಲಪ್ಪ ಮನೆಯ ಮುಂದೆ ಕಂದೀಲು ಹಿಡಿದು ನಿಂತಿದ್ದ. ನನ್ನ ಕೂಗು ಅವನಿಗೆ ಕೇಳಿರಲೇಬೇಕು, ಆದರೂ ಇಳಿದು ಬಂದಿರಲಿಲ್ಲ. ನಾಯಿ ಅಣ್ಣನ ಮೇಲೆ ಹರಿಹಾಯ್ದು ಬೊಗಳಿತು. ನಾನು ಪೆಟ್ಟಿಗೆ ಎತ್ತಿ ಅದನ್ನು ಬೆದರಿಸಿದೆ. ಅದು ನನ್ನ ಕಡೆ ತಿರುಗಲೇ ಇಲ್ಲ.

ಮುದುಕ ಕಂದೀಲನ್ನು ಅಣ್ಣನ ಮುಖಕ್ಕೆ ಹಿಡಿದ. ತುಂಬ ಹೊತ್ತು ನೋಡಿದ.

"ಒಬ್ಬಾಂವs ಬಂದೇನ?" ಎಂದು ಕೇಳಿದ.

"ಇಬ್ಬರೂ ಬಂದೀವಿ" ಎಂದ ಅಣ್ಣ.

"ಮುದುಕಾ, ನಾ ಇಲ್ಲಿ ನಿಂತೀನಿ" ಎಂದೆ ನಾನು. ಹಲ್ಲು ಕಡಿಯುತ್ತಿದ್ದೆ. "ಸಾಯಾಕ ಹತ್ತಿದ್ರೂ ಇಳದ ಬರಲಿಲ್ಲ, ಈಗ ಚ್ಯಾಷ್ಟಿ ಮಾಡ್ತೀಯೇನ?"

ಯಲ್ಲಪ್ಪ ಕಂದೀಲು ಈ ಕಡೆ ಹೊರಳಿಸಲೂ ಇಲ್ಲ. ಅಣ್ಣನಿಗಷ್ಟೇ, "ಮನೀಗೆ ಹೋಗಪ್ಪಾ. ನಿಮ್ಮವ್ವ ಇದ್ರ ಅಕೀಗೆ ಸಾವಕಾಶ ಹೇಳು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೇಕೆಂದೇ ನನ್ನನ್ನು ಅವಮಾನ ಮಾಡಿದ ಎಂದು ಸ್ಟೇಷನ್ನಿನ ತನಕ ಬೈದುಕೊಂಡು ಬಂದೆ. ಅಣ್ಣ ಗಾಡಿಯಲ್ಲಿ ಕೂತ ಮೇಲೂ ಕರಿಬಟ್ಟೆಯ ತುದಿ ಬಿಡಲಿಲ್ಲ.

ಪ್ಲೇಟು ಚೆನ್ನಾಗಿ ಬಂತು. ತಾಯಿ ಬಕ, ಬಾಯಿ ತೆರೆದ ಮರಿಗಳು, ಗರಿ ಗರಿ ಎಣಿಸುವಂತೆ. ಹಿಂದೆ ಏನಾದರೂ ಆಕಾರ ಮೂಡಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಏನೂ ಇಲ್ಲ. ಭೂತಗಾಜಿನಲ್ಲಿ ಮೂಲೆ ಮೂಲೆ ಹುಡುಕಿದ್ದೇನೆ. ಸಾಹೇಬ ಎರಡೂ ಕೈ ಹಿಡಿದು ಕುಲುಕಿದ. ನನ್ನ ಹಟ ಗೆದ್ದಿತು, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮರು ವರ್ಷ ಸಾಹೇಬನ ಜೊತೆ ಕೊಕ್ಕರೆಗಳ ಗೂಡಿಗೆ ಹೋದೆ. ಅವನು ಡೇರೆಯಲ್ಲಿ ಅಡಗಿ ಕೂತ, ನಾನು ಹೇಳಿದ ಹಾಗೆ ಹೊರಗೆ ದೂರ ನಡೆದುಹೋದೆ. ಹಕ್ಕಿಗಳು ಇಳಿಯಲಿಲ್ಲ. ಸಂಜೆಯ ತನಕ ಇಳಿಯಲಿಲ್ಲ. ಇಬ್ಬರು ಬಂದು ಒಬ್ಬ ಹೋದದ್ದು ಅವಕ್ಕೆ ಕಂಡೇ ಇಲ್ಲ ಎನ್ನುವ ಹಾಗೆ, ಒಬ್ಬ ಬಂದ, ಇನ್ನೂ ಒಳಗೇ ಇದ್ದಾನೆ ಎನ್ನುವ ಹಾಗೆ, ಡೇರೆಯನ್ನೇ ನೋಡುತ್ತ ಮರದ ತುದಿಗೆ ಕೂತಿದ್ದವು. ಬೇಸತ್ತು ಸಾಹೇಬ ಹೊರಗೆ ಬಂದು ಬಂಗಲೆಗೆ ಹೋದ. ನಾನು ಸಾಮಾನು ಕಟ್ಟಲು ಉಳಿದೆ. ಅವನು ಮರೆಯಾದದ್ದೇ ತಡ, ಕೊಕ್ಕರೆಗಳೆಲ್ಲ ಇಳಿದು ನನ್ನ ಸುತ್ತ ನಡೆದಾಡಿದವು. ಒಂದು ನನ್ನ ಬೂಟಿನ ಮೇಲೆ ಕಾಲಿಟ್ಟು ದಾಟಿತು.

ಈಗ ನನಗೆ ಡೇರೆ ಬೇಕಾಗುವುದಿಲ್ಲ. ಗೂಡಿನ ಎದುರು ಬಯಲಲ್ಲೇ ಕ್ಯಾಮರಾ ಇಟ್ಟು ತೆಗೆಯುತ್ತೇನೆ. ನನ್ನಷ್ಟು ಹತ್ತಿರದಿಂದ ಯಾರೂ ತೆಗೆಯುವುದಿಲ್ಲ ಎಂದು ಸಾಹೇಬ ಊರೆಲ್ಲ ಹೊಗಳುತ್ತಾನೆ. ಹಕ್ಕಿಗಳಿಗೆ ನನ್ನ ಮೇಲೆ ನಂಬಿಕೆ ಅಂತೆ. ಅವ್ವನಿಗಂತೂ ಸಂತೋಷವೋ ಸಂತೋಷ, ಮಗನಿಗೆ ಜೀವದಯೆ ಬಂತು ಎಂದು ಬಸದಿಯಲ್ಲಿ ಹೇಳಿಕೊಂಡು ಬರುತ್ತಾಳೆ. ಆದರೆ ಅದು ನಂಬಿಕೆಯಲ್ಲ. ನಂಬಿದ ಹಕ್ಕಿ ಕಣ್ಣು ಹೊರಳಿಸಿ ಒಮ್ಮೆಯಾದರೂ ನೋಡುತ್ತದೆ. ಇವು ನೋಡುವುದೇ ಇಲ್ಲ.

ಡೇರೆಯ ಹೊರಗೆ ಮಾತಾಡಿದ್ದು ಮನುಷ್ಯನಲ್ಲ ಎಂದು ಅವತ್ತು ನಾನು ತಿಳಿದುಕೊಂಡದ್ದು ಇದೇ ಗುರುತಿನಿಂದ.

ಕಳೆದ ಬೇಸಿಗೆಯಲ್ಲಿ ಸಾಂಬ್ರಾಕ್ಕೆ ಹೋಗಿದ್ದೆ. ಹೊಲದ ಬದುವಿನಲ್ಲಿ ಟಿಟ್ಟಿಭವೊಂದು ಮೊಟ್ಟೆಗೆ ಕೂತಿತ್ತು. ಇಲಿ ಹಾಯ್ದರೂ ಕಿರುಚಿ ಊರಿಗೆ ಸುದ್ದಿ ಮುಟ್ಟಿಸುವ ಹಕ್ಕಿ ಅದು. ನಾನು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ನನ್ನ ನೆರಳು ಅದರ ಮೇಲೆ ಬಿತ್ತು. ಕೈ ಅಡ್ಡ ಹಿಡಿದೆ. ಅದು ರೆಕ್ಕೆ ಸಡಿಲ ಮಾಡಿ, ಮೊಟ್ಟೆ ಸರಿಸಿಕೊಂಡು, ಕಣ್ಣು ಮುಚ್ಚಿತು.

"ಏಳು" ಎಂದೆ. "ಏಳು, ಒಮ್ಮೆ ಒದರು."

ಆಗ ಒಮ್ಮೆಲೇ ಎದ್ದು ಕಿರುಚಿತು. ಎದೆಯಲ್ಲಿ ಎಂಥದೋ ಸಂತೋಷ ಉಕ್ಕಿ ಬಂತು... ತಿರುಗಿ ನೋಡಿದರೆ, ಹೊಲದ ಆ ತುದಿಗೆ ಅಣ್ಣ ಬರುತ್ತಿದ್ದ. ಹಕ್ಕಿ ನನ್ನ ತಲೆಯ ಮೇಲಿಂದ ಹಾಯ್ದು ಹೋಗಿ ಅವನ ಸುತ್ತಲೇ ಸುತ್ತಿ ಕೂಗುತ್ತಿತ್ತು.

ಅಣ್ಣ ಹಕ್ಕಿಯನ್ನು ನೋಡಿದ, ಮೊಟ್ಟೆಗಳನ್ನು ನೋಡಿದ, ಅವುಗಳ ಪಕ್ಕದಲ್ಲಿ ಕೂತ ನನ್ನನ್ನು ನೋಡಿದ. ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು ಒತ್ತಿ ನೋಡಿದ. ಆ ರಾತ್ರಿಯಿಂದ ಅವನಿಗೆ ಇದೊಂದು ರೂಢಿ. ಜೊತೆಗೆ ನಡೆಯುವಾಗ ಆಗಾಗ ಮುಟ್ಟಿ ನೋಡುತ್ತಾನೆ.

"ಅದಿಯಲ್ಲ?" ಎಂದ ಮೆಲ್ಲಗೆ.

"ಅದೀನಿ, ಅಣ್ಣಾ" ಎಂದೆ.

ಆ ರಾತ್ರಿ ಆಳದಿಂದ ಕರೆದದ್ದೂ ಅಣ್ಣಾ ಎಂದೇ, ಅವನು ಹೆಗಲನ್ನು ಇನ್ನೂ ಬಿಗಿಯಾಗಿ ಒತ್ತಿ ನೋಡಿದ. ನಾನು ಅದನ್ನು ಕಂಡು, "ಪಾಯಪ್ಪಾ, ಅದೀನಿ" ಎಂದೆ. ಆಮೇಲೆ ನಾನು ಎದ್ದೆ, ಇಬ್ಬರೂ ಹೊರಟೆವು. ಮನೆ ಮುಟ್ಟುವ ತನಕ ಅವನು ಹೆಗಲ ಮೇಲಿನ ಕೈ ತೆಗೆಯಲಿಲ್ಲ.